ಎಂಟು ತಿಂಗಳ ಗಾಂಧಾರ

ಕೊಳಲು ಸೀಳಿದ್ದು ನನ್ನದೇ ತಪ್ಪಿನಿಂದ. ರಾಮನವಮಿ ದಿನ ಮಧ್ಯಾಹ್ನ ಕೊಳಲಿನ ಚೀಲವನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ನೇತುಹಾಕಿಕೊಂಡು ಕೋಲಾರವೆಲ್ಲಾ ಸುತ್ತುತ್ತಿದ್ದೆ. ಡೂಂಲೈಟ್ ಸರ್ಕಲ್ ಹತ್ತಿರ ಹೂವು, ಆಮೇಲೆ ಪಾನಕಕ್ಕೆ ಕರ್ಬೂಜ, ಬೆಲ್ಲ, ಏಲಕ್ಕಿ. ಅಲ್ಲಿಂದ ಮೈಕಿನವನ ಮನೆ, ಯಾಕೆಂದರೆ ಅವನು ಫೋನ್ ಎತ್ತುತ್ತಿರಲಿಲ್ಲ. ಏಪ್ರಿಲ್ ಬಿಸಿಲು. ನಾನು ನೆರಳಲ್ಲಿ ನಿಂತು ಮೈಕಿನವನಿಗೆ ಕಾಯುತ್ತಿದ್ದೆ, ಬಿದಿರು ಬಿಸಿಲಲ್ಲಿ ಕಾಯುತ್ತಿತ್ತು.

ನಮ್ಮಂಥ ಊರಲ್ಲಿ ಸಂಗೀತ ಕಚೇರಿ ಮಾಡಿಸೋದು ಅಂದರೆ ಹೀಗೇ. ಚಂದಾ ಎತ್ತೋನು, ಜಮಖಾನ ಹಾಸೋನು, ಕೊನೆಗೆ ಕೂತು ನುಡಿಸೋನು ಎಲ್ಲಾ ಒಬ್ಬನೇ. ಬೀದಿಯ ಮನೆಗಳಿಂದ ಇನ್ನೂರು, ಐನೂರು ಅಂತ ಸೇರಿಸಿ, ಪಿಟೀಲು ಮತ್ತು ಮೃದಂಗದವರನ್ನು ಬೆಂಗಳೂರಿನಿಂದ ಕರೆಸುತ್ತೇನೆ. 70 ಕಿಲೋಮೀಟರ್ ಬಸ್ಸಲ್ಲಿ ಬಂದು ಹೋಗುವವರಿಗೆ ಊಟ, ಕವರಿನಲ್ಲಿ ಸಂಭಾವನೆ, ಮೇಲೊಂದು ರೂಪಾಯಿ ನಾಣ್ಯ. ಅವರು ಬರೋದು ದುಡ್ಡಿಗಲ್ಲ ಅಂತ ಇಬ್ಬರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ.

ಸಂಜೆ ಮೊದಲು ಮಕ್ಕಳ ಕಾರ್ಯಕ್ರಮ. ನನ್ನ ಹತ್ತಿರ ಕಲಿಯುವ ಆರು ಮಕ್ಕಳು ಮಲಹರಿ ರಾಗದ ಗೀತೆ ನುಡಿಸಿ, ಚಪ್ಪಾಳೆ ಗಿಟ್ಟಿಸಿ, ಪಾನಕದ ಕಡೆ ಓಡಿದರು. ಆಮೇಲೆ ನಾನು ಕೂತು ಚೀಲ ಬಿಚ್ಚಿದೆ. ಶ್ರುತಿ ಹಿಡಿಯಲು ಊದಿದರೆ ಮಂದ್ರದ ಪಂಚಮ, ಅಂದರೆ ಕೆಳಗಿನ ಸ್ಥಾಯಿಯ 'ಪ', ಬರಲೇ ಇಲ್ಲ. ಬುಸ್ ಅಂತ ಬರೀ ಗಾಳಿ. ಬೆಳಕಿಗೆ ಹಿಡಿದು ನೋಡಿದೆ. ಊದುವ ತೂತಿನಿಂದ ಎರಡು ಬೆರಳಷ್ಟು ಉದ್ದಕ್ಕೆ ಕೂದಲೆಳೆಯಂಥ ಗೆರೆ.

ದಾರ ಬಿಗಿದು ಸುತ್ತಿದೆ. ಯಾರೋ ಫೆವಿಕ್ವಿಕ್ ತಂದುಕೊಟ್ಟರು, ಅದನ್ನೂ ಹಾಕಿದೆ. ಮೇಲಿನ ಸ್ಥಾಯಿಯಲ್ಲಿ ಪರವಾಗಿಲ್ಲ, ಕೆಳಗೆ ಇಳಿದರೆ ಗಂಟಲು ಕೆಟ್ಟವರ ದನಿ.

ಇನ್ನೊಂದು ಕೊಳಲು ಇರಲಿಲ್ವಾ ಅಂತ ಕೇಳಬಹುದು. ಇತ್ತು, ಆದರೆ ಎರಡೂವರೆ ಮನೆಯದು. ಸೀಳಿದ್ದು ಐದು ಮನೆಯದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ ಅದರ ಷಡ್ಜ, ಅಂದರೆ 'ಸ'. ಪಿಟೀಲಿನವರು ತಂತಿ ಇಳಿಸಿಕೊಳ್ಳಬಹುದು. ಮೃದಂಗದವರು ಏನು ಮಾಡಬೇಕು? ಅವರು ಐದು ಮನೆ ಅಂತ ಹೆಚ್ಚು ಶ್ರುತಿಯ ಮೃದಂಗ ಹೊತ್ತು ತಂದಿದ್ದಾರೆ. ಕಲ್ಲಿನಲ್ಲಿ ತಟ್ಟಿ ಅರ್ಧ ಮನೆ ಅತ್ತಿತ್ತ ಮಾಡಬಹುದೇ ಹೊರತು, ಅಷ್ಟು ಕೆಳಗೆ ಬೇಕಾದರೆ ತಗ್ಗು ಮೃದಂಗವೇ ಆಗಬೇಕು. ಅವರು ಎಡಗಡೆಗೆ ರವೆ ಕಲಸಿ ಹಚ್ಚುತ್ತಾ ಇದ್ದವರು, ಬೆರಳಲ್ಲಿ ರವೆ ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿದರು. (ಐದು ಮನೆಯದು ಮತ್ತೊಂದೂ ಇತ್ತು. ಎರಡು ವರ್ಷದ ಹಿಂದೆ ಒಬ್ಬ ಶಿಷ್ಯ 'ನಾಳೆ ಕೊಡ್ತೀನಿ ಸಾರ್' ಅಂತ ಒಯ್ದಿದ್ದಾನೆ.)

ಆಗ ನೆನಪಾಗಿದ್ದು ಏಳನೇ ಕ್ಲಾಸಿನ ಹುಡುಗಿ. ಮಕ್ಕಳ ಪೈಕಿ ಅವಳದೊಂದೇ ಐದು ಮನೆ ಕೊಳಲು. ಪಾನಕದ ಲೋಟ ಹಿಡಿದು ನಿಂತಿದ್ದಳು. ಕೇಳಿದೆ. ಅವರಮ್ಮ ಗಾಬರಿಯಾದರು.

"ಅಯ್ಯೋ ಸಾರ್, ಎಂಜಲಲ್ವಾ?"

ಎಂಜಲೇ. ಈಗ ತಾನೇ ಊದಿಟ್ಟ ಕೊಳಲು. ತೊಳೆದುಕೊಂಡು ಬರ್ತೀನಿ ಅಂತ ನಲ್ಲಿ ಕಡೆ ಹೊರಟವರನ್ನು ತಡೆದೆ. ನೀರು ಕುಡಿದ ಬಿದಿರಿನಿಂದ ಇನ್ನೇನಾಗುತ್ತೋ. ಹುಡುಗಿ ಲಂಗದ ಅಂಚಿನಲ್ಲಿ ಎರಡು ಸಲ ಒರೆಸಿ ಕೈಗೆ ಕೊಟ್ಟಳು. ಕೊಟ್ಟು ಸೀದಾ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ವೇದಿಕೆ ಮೇಲೆ ಇನ್ನೊಂದು ರಗಳೆ. ಯಾರೋ ಪುಣ್ಯಾತ್ಮರು ಸ್ಟ್ಯಾಂಡ್ ಫ್ಯಾನನ್ನು ನನ್ನ ಮುಖಕ್ಕೇ ತಿರುಗಿಸಿದ್ದರು. ಕೊಳಲಿಗೂ ಫ್ಯಾನಿಗೂ ಆಗಿಬರಲ್ಲ. ತುಟಿಯಿಂದ ಹೊರಟ ಉಸಿರು ತೂತಿನ ಅಂಚಿಗೆ ಬಡಿಯುವ ಮುಂಚೆಯೇ ಫ್ಯಾನ್ ಅದನ್ನು ಪಕ್ಕಕ್ಕೆ ಹಾರಿಸಿಬಿಡುತ್ತದೆ. ಆರಿಸಿ ಅಂದೆ. ಪಿಟೀಲಿನವರು ಬೆವರೊರೆಸಿಕೊಂಡು ಸುಮ್ನೆ ನಕ್ಕರು.

ಮೋಹನ ರಾಗದ ವರ್ಣದಿಂದ ಶುರು ಮಾಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಏನೋ ಚುಚ್ಚಿತು. ಗಾಂಧಾರ, ಅಂದರೆ 'ಗ', ಶ್ರುತಿಗಿಂತ ಕಮ್ಮಿ. ಸ್ವಲ್ಪವೇ, ಆದರೆ ಪಿಟೀಲು ಪಕ್ಕದಲ್ಲೇ ಸರಿಯಾದ ಗಾಂಧಾರ ಹಿಡಿದಾಗ ಎರಡರ ನಡುವೆ ಸಂದು ಕಾಣುತ್ತಿತ್ತು. ಊದುತ್ತಾ ಬಿಸಿಯಾದರೆ ಶ್ರುತಿ ಏರುತ್ತೆ ಅಂತ ಕಾದೆ. ಏರಿತು. ಎಲ್ಲ ಸ್ವರವೂ ಏರಿದವು, ಗಾಂಧಾರ ಮಾತ್ರ ಅಷ್ಟೇ ಹಿಂದೆ ನಿಂತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕೊಳಲಿನಲ್ಲಿ ಮೊದಲ ಎರಡು ತೂತು ಮುಚ್ಚಿದರೆ ಷಡ್ಜ, ಒಂದು ಮುಚ್ಚಿದರೆ ರಿಷಭ, ಎಲ್ಲಾ ತೆರೆದರೆ ಅಂತರ ಗಾಂಧಾರ, ಅಂದರೆ ಎತ್ತರದ 'ಗ'. ಅಂದರೆ ಆ ಸ್ವರಕ್ಕೆ ಬೆರಳೇ ಇಲ್ಲ. ತಪ್ಪಿದರೆ ತುಟಿ ತಪ್ಪಿರಬೇಕು, ಇಲ್ಲಾ ತೂತು ತಪ್ಪಿರಬೇಕು.

ಎಂಟು ತಿಂಗಳಿಂದ ಪ್ರತಿ ಭಾನುವಾರ ನಾನು ಆ ಹುಡುಗಿಗೆ ಹೇಳುತ್ತಿದ್ದದ್ದು ಒಂದೇ ಮಾತು. "ಗಾಂಧಾರ ಕಮ್ಮಿ, ತುಟಿ ಸರಿ ಇಟ್ಕೊಳಮ್ಮ." ಒಂದು ದಿನ "ಕಿವಿ ಎಲ್ಲಿಟ್ಟಿದೀಯ?" ಅಂತಲೂ ಅಂದಿದ್ದೆ, ಬೇರೆ ಮಕ್ಕಳ ಎದುರಿಗೆ. ಸರಳೆ ವರಸೆಯಿಂದ ಅಲಂಕಾರದವರೆಗೆ ಮೊದಲ ಪಾಠಗಳೆಲ್ಲವೂ ಮಾಯಾಮಾಳವಗೌಳ ರಾಗ. ಅದರಲ್ಲಿ ಇರೋದು ಇದೇ ಗಾಂಧಾರ. ಪಾಪದ ಮಗು ದಿನಾ ಎಷ್ಟು ಸಲ ಆ ಸ್ವರಕ್ಕೆ ಮುಗ್ಗರಿಸಿರಬೇಕು. ನಾನಾದರೂ ಒಂದು ಸಲ ಆ ಕೊಳಲನ್ನು ಇಸಕೊಂಡು ಊದಿ ನೋಡಿದ್ದರೆ ಮುಗಿಯುತ್ತಿತ್ತು. ಊದಿರಲಿಲ್ಲ. ಅದೇ ಎಂಜಲು. ನಮ್ಮ ಮೇಷ್ಟ್ರೂ ನನ್ನ ಕೊಳಲು ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟಲಿಲ್ಲ.

ಕೊಳಲನ್ನು ಸ್ವಲ್ಪ ಹೊರಗೆ ತಿರುಗಿಸಿ, ಗಾಳಿ ಬಿಗಿ ಮಾಡಿ, ಹೇಗೋ ವರ್ಣ ಮುಗಿಸಿದೆ. ಮುಂದೆ ಕಲ್ಯಾಣಿ, ಪ್ರಧಾನವಾಗಿ ಮತ್ತೆ ಮೋಹನದಲ್ಲಿ ತ್ಯಾಗರಾಜರ ರಾಮನ ಕೃತಿ ಅಂದುಕೊಂಡಿದ್ದೆ. ಎರಡರಲ್ಲೂ ಇದೇ ಅಂತರ ಗಾಂಧಾರ, ಎರಡೂ ಬಿಟ್ಟೆ. ಹಿಂದೋಳ ನುಡಿಸಿದೆ, ಆಮೇಲೆ ಖರಹರಪ್ರಿಯ ಎತ್ತಿಕೊಂಡೆ. ರಾಮನಿಗೆ ಅಲ್ಲೂ ತ್ಯಾಗರಾಜರು ಕೊರತೆ ಮಾಡಿಲ್ಲ. ಎರಡಕ್ಕೂ 'ಸಾಧಾರಣ ಗಾಂಧಾರ', ಅಂದರೆ ಅಂತರಕ್ಕಿಂತ ಕೆಳಗಿನ 'ಗ'. ಮೊದಲ ತೂತನ್ನು ಬೆರಳಲ್ಲಿ ಅಷ್ಟಿಷ್ಟು ಮುಚ್ಚಿ ಹಿಡಿಯುವ ಸ್ವರ ಅದು, ಬೇಕಾದ ಹಾಗೆ ತಿದ್ದಬಹುದು. ಹೀಗೆ ಅರ್ಧ, ಕಾಲು ತೂತು ಮುಚ್ಚಿ ಹಾಡಿನ ಗಮಕವನ್ನೇ, ಸ್ವರದ ಆ ಬಳುಕನ್ನೇ, ಕೊಳಲಿನಲ್ಲಿ ತರುವ ವಿದ್ಯೆಯನ್ನು ತಂದುಕೊಟ್ಟವರು ಮಾಲಿ, ಅಂದರೆ ಕೊಳಲು ವಿದ್ವಾಂಸ ಟಿ.ಆರ್. ಮಹಾಲಿಂಗಂ. ಅವರು ತೀರಿಕೊಂಡ 1986ರಲ್ಲಿ ನಾನಿನ್ನೂ ಕೊಳಲು ಹಿಡಿದಿರಲಿಲ್ಲ. ಅವರ ಕಚೇರಿ ಕೇಳಿದ್ದ ಮೇಷ್ಟ್ರು ಹೇಳಿಕೊಟ್ಟಿದ್ದು ಆ ದಿನ ಮಾನ ಉಳಿಸಿತು. ಹಾಗೆ ನೋಡಿದರೆ ಖರಹರಪ್ರಿಯ ಚೆನ್ನಾಗಿಯೇ ಬಂತು. ಮೃದಂಗದವರು ತನಿ, ಅಂದರೆ ಒಬ್ಬರೇ ನುಡಿಸುವ ಭಾಗ, ಮುಗಿಸುವ ಹೊತ್ತಿಗೆ ಪಾನಕದ ಹಂಡೆ ಹತ್ತಿರ ಇದ್ದವರೂ ಬಂದು ಕೂತಿದ್ದರು.

ಆದರೆ ನನಗೆ ತಪ್ಪಿಸಿಕೊಳ್ಳೋಕೆ ರಾಗಗಳಿದ್ದವು. ಅವಳಿಗೆ ಇದ್ದದ್ದು ಮಾಯಾಮಾಳವಗೌಳ, ಅದರದೇ ಮಲಹರಿ, ಅಷ್ಟೇ. ಮುಂದಿನ ಸಾಲಿನ ಕಡೆ ನೋಡದೆಯೇ ಮಂಗಳ ನುಡಿಸಿದೆ.

ಕೋಸಂಬರಿ ಹಂಚುವಾಗ ಹುಡುಗಿ ಕೊಳಲು ಇಸಕೊಳ್ಳೋಕೆ ಬಂದಳು. ಪಂಚೆಯ ತುದಿಯಲ್ಲಿ ಒರೆಸಿ ಕೊಟ್ಟೆ. ಅದನ್ನು ಚೀಲಕ್ಕೆ ಹಾಕುತ್ತಾ, ತಲೆ ಎತ್ತದೆ, "ಸಾರ್, ವರ್ಣದಲ್ಲಿ ನಿಮಗೂ ಗಾಂಧಾರ ಕಮ್ಮಿ ಬಂತಲ್ವಾ?" ಅಂದಳು.

ಅವರಮ್ಮ "ಏಯ್, ಸುಮ್ನಿರೇ" ಅಂತ ಗದರಿದರು.

"ಕೊಳಲಿಂದು ತಪ್ಪು ಕಣಮ್ಮ, ನಿಂದಲ್ಲ. ನಾನು ನೋಡಬೇಕಿತ್ತು" ಅಂದೆ. ಅವಳು ಹೂಂ ಅಂದಳು. ಖುಷಿಯಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಉಳಿದ ಮಕ್ಕಳೆದುರಿಗೇ ಆ ಕೊಳಲು ತೆಗೆದುಕೊಂಡೆ. ಮರಳು ಕಾಗದವನ್ನು ಬತ್ತಿಯ ಹಾಗೆ ಸುರುಳಿ ಸುತ್ತಿ ಮೊದಲ ತೂತಿನ ಅಂಚನ್ನು ಉಜ್ಜತೊಡಗಿದೆ. ತೂತು ಹಿಗ್ಗಿದಷ್ಟೂ ಸ್ವರ ಏರುತ್ತದೆ. ಜಾಸ್ತಿ ಉಜ್ಜಿದರೆ ಮತ್ತೆ ಮೇಣ ತುಂಬಬೇಕಾಗುತ್ತೆ, ಹಾಗಾಗಿ ನಾಲ್ಕು ಸಲ ಉಜ್ಜೋದು, ಪುಡಿ ಊದೋದು, ಅವಳ ಕೈಗೆ ಕೊಡೋದು. ತಂಬೂರಿ ಪೆಟ್ಟಿಗೆ ಪಕ್ಕದಲ್ಲಿ ಗುಂಯ್ ಅಂತಿತ್ತು. ಅವಳು ಕಣ್ಣು ಮುಚ್ಚಿ ಊದಿದಳು, ತಲೆ ಅಲ್ಲಾಡಿಸಿ ಕೊಳಲು ವಾಪಸ್ ಚಾಚಿದಳು.

"ಇನ್ನೊಂಚೂರು, ಸಾರ್."