ನಾಲ್ಕಡಿ ಅಗಲದ ಬಾತ್‌ರೂಮಿನಲ್ಲಿ ಶವರ್ ಎಲ್ಲಿ ಬರಬೇಕು

ಅಮ್ಮನ ರೂಮಿಗೆ ಸೇರಿದ ಬಾತ್‌ರೂಮಿನ ಕೆಲಸ ಒಂದು ಹಂತಕ್ಕೆ ಬಂದಿದೆ. ಹಳೇ ಟೈಲ್ಸ್ ಒಡೆದಾಯ್ತು, ಹೊಸ ಪೈಪ್ ಎಳೆದಾಯ್ತು, ಸೋರುತ್ತದಾ ಅಂತ ನೀರು ಕಟ್ಟಿ ನಿಲ್ಲಿಸಿ ನೋಡಿದ್ದೂ ಆಯ್ತು. ಟೈಲ್ಸ್ ಇನ್ನೂ ಬಾಕಿ. ಈ ಸಲ ಪೂರ್ತಿ ಲೇಔಟ್ ಬಗ್ಗೆಯೇ ಬರೆಯುತ್ತೇನೆ. ಹಣಕ್ಕಿಂತ ಜಾಸ್ತಿ ತಲೆ ಖರ್ಚಾಗಿದ್ದು ಅದಕ್ಕೇ.

ಮೊದಲು ಅಳತೆ. ಮನೆ ಮೈಸೂರಿನಲ್ಲಿ, ಬಾತ್‌ರೂಮ್ ಮೊದಲ ಮಹಡಿಯಲ್ಲಿ, ಅದರ ಮೇಲೆ ನೇರ ಟೆರೇಸ್. ಪ್ಲಾನಿನಲ್ಲಿ 4 ಅಡಿ ಅಗಲ, ಏಳೂವರೆ ಅಡಿ ಉದ್ದ ಅಂತ ಇದೆ. ಅದು ಇಟ್ಟಿಗೆಯಿಂದ ಇಟ್ಟಿಗೆಗೆ ಹಿಡಿದ ಲೆಕ್ಕ. ಗಾರೆ, ಅದರ ಮೇಲೆ ಟೈಲ್ಸ್ ಅಂತ ಸೇರಿದರೆ ಒಂದೊಂದು ಗೋಡೆಯೂ ಒಂದೂವರೆ ಇಂಚು ತಿನ್ನುತ್ತದೆ. ಉಳಿಯುವುದು 45 ಇಂಚು ಅಗಲ, 87 ಇಂಚು ಉದ್ದ. ಬಾತ್‌ರೂಮ್ ಮಾಡಿಸುವವರು ಮಾಡಬೇಕಾದ ಮೊದಲ ಕೆಲಸ ಇದೇ: ಪ್ಲಾನಿನ ಅಳತೆ ಬಿಟ್ಟು, ಟೈಲ್ಸ್ ಆದಮೇಲೆ ಉಳಿಯುವ ಅಳತೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಹಾಲ್‌ನಲ್ಲಿ 3 ಇಂಚು ಏನೂ ಅಲ್ಲ. ಕಮೋಡಿನ ಮುಂದೆ, ಮೊಣಕಾಲು ಬರುವ ಜಾಗದಲ್ಲಿ, ಅದು ತುಂಬಾ ದೊಡ್ಡದು.

ಹಳೇ ಜೋಡಣೆ ಹೀಗಿತ್ತು. ಬಾಗಿಲು ಒಂದು ಗಿಡ್ಡ ಗೋಡೆಯಲ್ಲಿ, ಎದುರಿನ ಗಿಡ್ಡ ಗೋಡೆಯಲ್ಲಿ ವೆಂಟಿಲೇಟರ್. ವೆಂಟಿಲೇಟರ್ ಕೆಳಗೆ ಕಮೋಡ್, ಮಧ್ಯದಲ್ಲಿ ಶವರ್ ಮತ್ತು ನಲ್ಲಿ, ಬಾಗಿಲ ಹತ್ತಿರ ಬೇಸಿನ್. ಆ ಕಾಲದ ಎಷ್ಟೋ ಮನೆಗಳಲ್ಲಿ ಹೀಗೇ ಇದೆ, ಯಾಕಂದರೆ ಹೊರಗಿನ ದಪ್ಪ ಪೈಪ್ ಆ ಮೂಲೆಯಲ್ಲೇ ಇಳಿಯುತ್ತದೆ, ಕಮೋಡ್ ಅದಕ್ಕೆ ಹತ್ತಿರ ಇದ್ದರೆ ಕೆಲಸ ಸುಲಭ. ಆದರೆ ಯಾರಾದರೂ ಸ್ನಾನ ಮಾಡಿ ಬಂದಮೇಲೆ ಕಮೋಡಿಗೆ ಹೋಗಬೇಕಂದರೆ ಒದ್ದೆ ನೆಲ ದಾಟಲೇಬೇಕು. ಅಮ್ಮನಿಗೆ ಮಂಡಿ ನೋವು, ರಾತ್ರಿ ಎರಡು ಸಲವಾದರೂ ಏಳುತ್ತಾರೆ. ಆ ಒದ್ದೆ ನೆಲವನ್ನು ಅವರ ದಾರಿಯಿಂದ ತೆಗೆಯಬೇಕು. ಇಡೀ ಕೆಲಸ ಶುರುವಾಗಿದ್ದೇ ಇದಕ್ಕೆ, ಉಳಿದದ್ದೆಲ್ಲ ಆಮೇಲೆ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಮೂಲೆಗೆ ಕೂರುವ ಗಾಜಿನ ಶವರ್ ಕ್ಯೂಬಿಕಲ್, 3 ಅಡಿಗೆ 3 ಅಡಿ. 45 ಇಂಚಿನಲ್ಲಿ 36 ಅದಕ್ಕೇ ಹೋದರೆ ಪಕ್ಕದಲ್ಲಿ 9 ಇಂಚು ಉಳಿಯುತ್ತದೆ. ಅಲ್ಲಿ ಯಾರು ನಡೆಯುತ್ತಾರೆ? ಅದು ಅಲ್ಲಿಗೇ ಮುಗಿಯಿತು. ಪರದೆ ಹಾಕುವುದು ಅಗ್ಗ, ಆದರೆ ಒದ್ದೆ ಪರದೆ ಮೈಗೆ ಅಂಟುತ್ತದೆ, ನಮ್ಮ ಬೋರ್ ನೀರಿಗೆ ಅದರ ಅಂಚು ಬೇಗ ಕಪ್ಪಾಗುತ್ತದೆ. ಇನ್ನೊಂದು, ಅಡ್ಡಲಾಗಿ ಪೂರ್ತಿ ಗಾಜು ಹಾಕಿ ಅದರಲ್ಲೇ ಬಾಗಿಲು ಇಡುವುದು. ಗಾಜಿನ ಬಾಗಿಲು ಹೊರಗೆ ತೆರೆದರೆ ಕಮೋಡಿಗೆ ಬಡಿಯುತ್ತದೆ, ಒಳಗೆ ತೆರೆದರೆ ಬಕೆಟ್‌ಗೆ. ಜಾರುವ ಬಾಗಿಲಾದರೆ ಅರ್ಧ ಅಗಲವೇ ತೆರೆಯುವುದು, ಕೆಳಗಿನ ಹಳಿಯಲ್ಲಿ ಕೊಳೆ ಬೇರೆ ಕೂರುತ್ತದೆ.

ಕೊನೆಗೆ ನಿಂತಿದ್ದು ಮೂರನ್ನೂ ಸಾಲಾಗಿ ಇಡುವ ಲೇಔಟ್. ಬಾಗಿಲ ಹತ್ತಿರ ಬೇಸಿನ್‌ಗೆ 21 ಇಂಚು, ಮಧ್ಯದಲ್ಲಿ ಕಮೋಡಿಗೆ 30 ಇಂಚು, ವೆಂಟಿಲೇಟರ್ ಕಡೆ ಪೂರ್ತಿ ಅಗಲ ಸ್ನಾನಕ್ಕೆ, 36 ಇಂಚು ಆಳ. ಕೂಡಿದರೆ ಸರಿಯಾಗಿ 87. ಕಮೋಡಿನ ನಡುಗೆರೆಯಿಂದ ಎರಡೂ ಪಕ್ಕ ಕನಿಷ್ಠ 15 ಇಂಚು ಬೇಕು, ಅದಕ್ಕೇ ಆ 30. ಇದರಲ್ಲಿ ಬೇಸಿನ್ ಕಡೆಗೆ ಕದಿಯಲು ಹೋಗಬೇಡಿ. ಬೇಸಿನ್ ಬೇಕಾದರೆ ಚಿಕ್ಕದಾಗಲಿ.

ಸ್ನಾನದ ಜಾಗಕ್ಕೆ 36 ಯಾಕೆ, 30 ಸಾಕಲ್ವಾ ಅಂತ ನನ್ನ ತಮ್ಮ ಕೇಳಿದ. ನಿಂತು ಶವರ್ ಮಾಡುವವರಿಗೆ ಸಾಕು. ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಅಸಲಿ ಅಳತೆಯಲ್ಲೇ ಗೆರೆ ಎಳೆದು, ಕಮೋಡಿಗೂ ಸ್ನಾನದ ಜಾಗಕ್ಕೂ ನಡುವೆ ಗಾಜು ಬರುವ ಕಡೆ ಒಂದು ರಟ್ಟಿನ ಹಾಳೆ ನಿಲ್ಲಿಸಿ, ಸ್ಟೂಲು, ಬಕೆಟ್, ಚೊಂಬು ಎಲ್ಲ ಇಟ್ಟು ಅಮ್ಮನನ್ನು ಕೂರಿಸಿದೆವು. ಅವರು ಖಾಲಿ ಚೊಂಬನ್ನೇ ಎತ್ತಿ ತಲೆಯ ಮೇಲೆ ಸುರಿದುಕೊಳ್ಳುವ ಹಾಗೆ ಮಾಡಿದರು. 30 ಇಂಚಿನಲ್ಲಿ ಮೊಣಕೈ ರಟ್ಟಿಗೆ ತಾಗಿತು. ಬೆನ್ನು ಉಜ್ಜಲು ಬಗ್ಗಿದಾಗ ಮಂಡಿ ಗೆರೆಯಿಂದ ಹೊರಗೆ. 36ಕ್ಕೆ ಗೆರೆ ಸರಿಸಿದಮೇಲೆ ಏನೂ ತಾಗಲಿಲ್ಲ. "ಎಣ್ಣೆ ಹಚ್ಚಿಕೊಂಡು ಕೂತರೆ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೀರು ಹಾಕುವಷ್ಟು ಜಾಗ ಇರಬೇಕಪ್ಪಾ" ಅಂದರು. ಅದು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಗಲ 45 ಇಂಚು ಪೂರ್ತಿ ಸಿಗುವುದರಿಂದ ಅದೂ ಆಗುತ್ತದೆ. ನಿಮ್ಮ ಮನೆಯಲ್ಲಿ ಕೂತು ಸ್ನಾನ ಮಾಡುವವರು ಇದ್ದರೆ ದಯವಿಟ್ಟು ಇದನ್ನು ಮಾಡಿ ನೋಡಿ, ಕಂಪ್ಯೂಟರಿನ ಮೂರು ಆಯಾಮದ ಚಿತ್ರ ಇದನ್ನು ತೋರಿಸುವುದಿಲ್ಲ.

ಕಮೋಡನ್ನು ಮಧ್ಯಕ್ಕೆ ತರುವುದಕ್ಕೆ ನೆಲದೊಳಗೆ ದಪ್ಪ ಪೈಪ್ ಎಳೆಯಬೇಕೇನೋ ಅಂದುಕೊಂಡಿದ್ದೆವು. ಮೇಸ್ತ್ರಿ ಬೇರೆ ದಾರಿ ಹೇಳಿದರು. ಉದ್ದದ ಗೋಡೆಗಳಲ್ಲಿ ಒಂದು 9 ಇಂಚಿನ ಹೊರಗೋಡೆ. ಕಮೋಡನ್ನು ಅದಕ್ಕೇ ನೇತುಹಾಕಿದರೆ ಪೈಪ್ ಗೋಡೆಯಿಂದ ನೇರ ಹೊರಗೆ ಹೋಗುತ್ತದೆ, ಹೊರಗೆ ಮೂರಡಿ ವಾಟದಲ್ಲಿ, ಅಂದರೆ ಇಳಿಜಾರಿನಲ್ಲಿ, ಹೋಗಿ ಹಳೇ ಪೈಪಿಗೆ ಸೇರುತ್ತದೆ. ನಮ್ಮದು ಪಿಲ್ಲರ್ ಬೀಮ್ ಮನೆ, ಭಾರ ಹೊರುವುದು ಗೋಡೆಯಲ್ಲ, ಹಾಗಾಗಿ ಫ್ಲಶ್ ಟ್ಯಾಂಕನ್ನು ಗೋಡೆಯೊಳಗೆ ಕೂರಿಸಲು ಧೈರ್ಯವಾಗಿ ಕೊರೆಯಬಹುದು. ನೆಲದ ಮೇಲೆ ಕೂರುವ ಕಮೋಡ್ ಆಗಿದ್ದರೆ ಟ್ಯಾಂಕೂ ಸೇರಿ 26, 27 ಇಂಚು ಮುಂದೆ ಬರುತ್ತಿತ್ತು, ಎದುರು 18 ಇಂಚು ಉಳಿಯುತ್ತಿತ್ತು. ನೇತುಹಾಕುವುದು 20 ಇಂಚು ಬರುತ್ತದೆ, ಎದುರು 25 ಉಳಿಯುತ್ತದೆ. ಎತ್ತರವನ್ನೂ ನಾವೇ ನಿರ್ಧರಿಸಬಹುದು. ಅಮ್ಮನ ಮಂಡಿಗೆ ಅನುಕೂಲವಾಗಲಿ ಅಂತ ಸೀಟ್ 18 ಇಂಚಿಗೆ ಬರುವ ಹಾಗೆ ಗುರುತು ಹಾಕಿದ್ದೇವೆ. ಟ್ಯಾಂಕ್ ರಿಪೇರಿ ಬಂದರೆ ಫ್ಲಶ್ ಬಟನ್ ಇರುವ ತಟ್ಟೆ ತೆಗೆದು ಕೈ ಹಾಕಬಹುದು, ಟೈಲ್ಸ್ ಒಡೆಯಬೇಕಿಲ್ಲ.

ಬಾಗಿಲು ಈಗ ರೂಮಿನ ಕಡೆಗೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡ ಬರುತ್ತದೆ. ವಯಸ್ಸಾದವರು ಬಳಸುವ ಬಾತ್‌ರೂಮಿಗೆ ಇದೊಂದನ್ನು ಮಾತ್ರ ಬಿಡಬೇಡಿ.

ಶವರ್ ಯಾವ ಗೋಡೆಗೆ ಅನ್ನುವುದರಲ್ಲಿ ನಾವು ತುಂಬಾ ಚರ್ಚೆ ಮಾಡಿದೆವು. ವೆಂಟಿಲೇಟರ್ ಗೋಡೆಗೆ ಹಾಕಿದರೆ ನೋಡಲು ಚೆನ್ನ, ಎದುರಿಗೇ ಕಾಣುತ್ತದೆ. ಆದರೆ ನೀರು ಬಾಗಿಲ ಕಡೆಗೆ ಹಾರುತ್ತದೆ, ಅಂದರೆ ಒಣಗಿರಬೇಕಾದ ಕಡೆಗೇ. ಹೊರಗೋಡೆಗೆ, ಕಮೋಡ್ ಇರುವ ಅದೇ ಸಾಲಿಗೆ ಹಾಕಿದರೆ ನೀರು ಎದುರಿನ ಗೋಡೆಗೆ ಬೀಳುತ್ತದೆ, ಪಕ್ಕಕ್ಕೆ ಸಿಡಿಯುವುದನ್ನು ತಡೆದರೆ ಸಾಕು. ಅದಕ್ಕೆ 24 ಇಂಚಿನ ಒಂದೇ ಒಂದು ಗಾಜು, ಬಾಗಿಲಿಲ್ಲದೆ. ಪಕ್ಕದಲ್ಲಿ 21 ಇಂಚಿನ ದಾರಿ ಸದಾ ತೆರೆದೇ ಇರುತ್ತದೆ.

ಇಲ್ಲಿ ಒಂದು ತೊಡಕು. ನಲ್ಲಿ ತಿರುಗಿಸಲು ಗಾಜಿನ ಹಿಂದಕ್ಕೆ ಹೋಗಲೇಬೇಕು, ಶವರ್ ನೇರ ತಲೆಯ ಮೇಲೆ. ಬಿಸಿನೀರು ಬರುವುದು ಟೆರೇಸಿನ ಸೋಲಾರ್‌ನಿಂದ, ಪೈಪಿನಲ್ಲಿ ನಿಂತ ತಣ್ಣೀರೆಲ್ಲ ಮೊದಲು ಬರುತ್ತದೆ. ಅಷ್ಟೂ ತಣ್ಣೀರು ಮೈಮೇಲೆ! ನಲ್ಲಿಯನ್ನು ಎದುರು ಗೋಡೆಗೆ ಹಾಕೋಣ ಅಂದರೆ ಅದು ರೂಮಿನ ಕಡೆಯ ನಾಲ್ಕೂವರೆ ಇಂಚಿನ ಗೋಡೆ, ಅದನ್ನು ಅಡ್ಡಡ್ಡ ಕೊರೆಯುವುದು ಒಳ್ಳೆಯದಲ್ಲ. ಕೊನೆಗೆ ಗೋಡೆಯೊಳಗೆ ಹುದುಗುವ ಡೈವರ್ಟರ್ ಆಸೆ ಬಿಟ್ಟು, ಹಳೇ ಥರದ ವಾಲ್ ಮಿಕ್ಸರ್‌ಗೆ ಬಂದೆವು. ಕೆಳಗೆ ಬಕೆಟ್‌ಗೆ ಬೀಳುವ ಮೂತಿ, ಮೇಲೆ ಶವರ್, ಮಧ್ಯದಲ್ಲಿ ಬದಲಾಯಿಸುವ ತಿರುಪು. ಮೊದಲ ತಣ್ಣೀರು ಬಕೆಟ್‌ಗೆ ಹೋಗುತ್ತದೆ, ನೆಲ ಒರೆಸಲು ಬರುತ್ತದೆ. ಬಿಸಿ ಬಂದಮೇಲೆ ತಿರುಪು ತಿರುಗಿಸಿದರೆ ಆಯ್ತು. ಬೋರ್ ನೀರಿನ ಸುಣ್ಣ ಕಟ್ಟಿದರೂ ಸ್ಪ್ಯಾನರ್ ಹಾಕಿ ಬಿಚ್ಚಬಹುದು. ಇದು ನನಗೆ ನಿಜಕ್ಕೂ ಇಷ್ಟವಾದ ನಿರ್ಧಾರ.

ದೊಡ್ಡ ರೇನ್ ಶವರ್ ಕೂಡ ಬೇಡ ಅಂತಾಯ್ತು, ಅದಕ್ಕೆ ಕಾರಣ ಎತ್ತರ. 10 ಮೀಟರ್ ಎತ್ತರದಿಂದ ನೀರು ಇಳಿದರೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕಿಗೂ ಶವರ್‌ಗೂ ನಡುವೆ ಇರುವುದು 3 ಮೀಟರ್ ಅಷ್ಟೆ, ಅಂದರೆ 0.3 ಬಾರ್. ಅಗಲದ ತಟ್ಟೆಯಲ್ಲಿ ಅದು ತೊಟ್ಟಿಕ್ಕುತ್ತದೆ. ಕೆಳಗಿನ ಮಹಡಿಯವರಿಗೆ ಅದೇ ಟ್ಯಾಂಕಿನಿಂದ ಇದರ ಎರಡರಷ್ಟು ಒತ್ತಡ ಸಿಗುತ್ತದೆ. ಪಂಪ್ ಹಾಕಬಹುದು, ಆದರೆ ತಣ್ಣೀರಿಗೂ ಸೋಲಾರ್ ನೀರಿಗೂ ಒಂದೇ ಒತ್ತಡ ಇಲ್ಲದಿದ್ದರೆ ಮಿಕ್ಸರ್‌ನಲ್ಲಿ ಒಂದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ 4 ಇಂಚಿನ ಸಾದಾ ಶವರ್, ಜೊತೆಗೆ ಕೂತು ಹಿಡಿದುಕೊಳ್ಳುವ ಹ್ಯಾಂಡ್ ಶವರ್.

ನೆಲಕ್ಕೆ ಬರೋಣ. ಸ್ನಾನದ ಜಾಗ ಅರ್ಧ ಇಂಚು ಮಾತ್ರ ತಗ್ಗು, ಅಂಚನ್ನು ಉಜ್ಜಿ ಇಳಿಜಾರು ಮಾಡಿಸುತ್ತೇವೆ. ಗ್ರಾನೈಟ್ ಕಟ್ಟೆ ಕಟ್ಟಿದರೆ ನೀರೇನೋ ನಿಲ್ಲುತ್ತದೆ, ಆದರೆ ಎಡವುವವರು ಅಮ್ಮ. ಒಳಗೆ 60ಕ್ಕೆ 1ರಷ್ಟು ವಾಟ, ಒಣ ಕಡೆ 100ಕ್ಕೆ 1, ಎರಡೂ ವೆಂಟಿಲೇಟರ್ ಕಡೆಗೇ. ಉದ್ದನೆಯ ಚಾನೆಲ್ ಡ್ರೈನ್ ಹಾಕಿದರೆ ದೊಡ್ಡ ಟೈಲ್ಸನ್ನು ಕತ್ತರಿಸದೆ ಹಾಕಬಹುದು, ನೋಡಲು ಬಲು ಚಂದ. ಆದರೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಎಣ್ಣೆ, ಸೀಗೆಪುಡಿ, ಉದ್ದ ಕೂದಲು ಮೂರೂ ಸೇರಿ ಇಳಿಯುತ್ತವೆ. ಆ ಚಾನೆಲನ್ನು ಉದ್ದಕ್ಕೂ ಉಜ್ಜುವವರು ಯಾರು? ಅಗಲ ಬಾಯಿಯ ಚೌಕ ಜಾಲಿ, ಎತ್ತಿ ತೊಳೆಯುವ ಬಟ್ಟಲು ಇರುವಂಥದ್ದು ತಂದಿದ್ದೇವೆ. ನೆಲಕ್ಕೆ ಒರಟು ಮೈಯ ಒಂದಡಿ ಟೈಲ್ಸ್. ಜಾಲಿಯ ಕೆಳಗೆ ಸ್ವಲ್ಪ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪ್ ಇದೆ, ಬೇಸಿನ್ ನೀರನ್ನೂ ಅದಕ್ಕೇ ಕೊಟ್ಟಿದ್ದೇವೆ. ಇಲ್ಲಿ ಯಾರೂ ಸ್ನಾನ ಮಾಡದ ದಿನಗಳಲ್ಲೂ ಕೈ ತೊಳೆದ ನೀರು ಬಿದ್ದರೆ ಟ್ರ್ಯಾಪ್ ಒಣಗುವುದಿಲ್ಲ, ವಾಸನೆ ಮೇಲೆ ಬರುವುದಿಲ್ಲ.

ಹಳೇ ನೆಲ ಒಡೆದಾಗ ಒಳಗೆ ತುಂಬಿದ್ದ ಇಟ್ಟಿಗೆ ಚೂರೆಲ್ಲ ನೆಂದು ಮಣ್ಣಾಗಿತ್ತು, ಕೆಳಗಿನ ಹಾಲ್‌ನ ಸೀಲಿಂಗ್‌ನಲ್ಲಿದ್ದ ಕಲೆಗೆ ಕಾರಣ ಆಗ ತಿಳಿಯಿತು. ಎಲ್ಲ ತೆಗೆದು, ಸ್ಲ್ಯಾಬ್ ಮೇಲೂ ಸ್ನಾನದ ಜಾಗದ ಗೋಡೆಗೆ 6 ಅಡಿ ಎತ್ತರದವರೆಗೂ ವಾಟರ್‌ಪ್ರೂಫಿಂಗ್ ಬಳಿಸಿ, 48 ಗಂಟೆ ನೀರು ಕಟ್ಟಿದೆವು. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿಟ್ಟಿದ್ದೆ. ಇಳಿಯಲಿಲ್ಲ, ಕೆಳಗೆ ಹೊಸ ಕಲೆಯೂ ಇಲ್ಲ.

ಇನ್ನು ಟೈಲ್ಸ್. ರಸಮಟ್ಟ ಹಿಡಿದು ನೋಡುವುದರ ಜೊತೆಗೆ, ಸಿಮೆಂಟ್ ಒಣಗುವ ಮುಂಚೆ ಒಂದು ಚೊಂಬು ನೀರು ಚೆಲ್ಲಿ ಅದು ಜಾಲಿಗೆ ಹೋಗುತ್ತದಾ ಅಂತ ಎದುರಿಗೇ ನೋಡುತ್ತೇನೆ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಗಾಜಿನ ಅಳತೆ ಟೈಲ್ಸ್ ಆದಮೇಲೆಯೇ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ, ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ, ಮಾಡಲು ಹೋದರೆ ಪೂರ್ತಿ ಪುಡಿಯಾಗುತ್ತದೆ. 8 ಎಂ.ಎಂ. ದಪ್ಪ, ಆರೂವರೆ ಅಡಿ ಎತ್ತರ ಅಂದರೆ 24 ಕೆ.ಜಿ. ಹತ್ತಿರ ತೂಗುತ್ತದೆ, ಮೇಲೆ ಎದುರು ಗೋಡೆಗೆ ಒಂದು ಸ್ಟೀಲ್ ಸರಳು ಕೊಟ್ಟು ನಿಲ್ಲಿಸಬೇಕು. ಏಳುವಾಗ ಅಮ್ಮ ಗಾಜನ್ನು ಹಿಡಿಯಬಾರದು, ಅದಕ್ಕೆ ವೆಂಟಿಲೇಟರ್ ಗೋಡೆಗೆ ಕೈ ಹಿಡಿಯುವ ಕಂಬಿ ಬರುತ್ತದೆ. ಅದರ ಎತ್ತರ ಮಾತ್ರ ಇನ್ನೂ ಗುರುತು ಹಾಕಿಲ್ಲ. ಸ್ಟೂಲ್ ಮೇಲೆ ಅವರನ್ನೇ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಗುರುತು ಹಾಕುತ್ತೇವೆ.