ಸಾಗರದ ದಾರಿಯಲ್ಲಿ ಭೂತಾನ

ಡಿಸೆಂಬರ್ ಮೊದಲ ವಾರ. ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಜೊತೆಯಲ್ಲಿ ಅಕ್ಕನ ಮಗ, ಅವನ ಮೂವರು ಸಹಪಾಠಿಗಳು. ಸಾಗರದ ಹತ್ತಿರ ನಮ್ಮ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಸುಲಿತ ನಡೆದಿತ್ತು. ಅಲ್ಲಿ ಒಂದು ರಾತ್ರಿ ಇದ್ದು ಮರುದಿನ ಜೋಗಕ್ಕೆ ಹೋಗುವುದೆಂದು ಮಾತಾಗಿತ್ತು.

ಕುಂಸಿ ದಾಟುವಾಗ ಮಾತು ಅಡಿಕೆ ಧಾರಣೆಗೆ ಹೊರಳಿತು. "ಧಾರಣೆ ಬಿದ್ದದ್ದೆಲ್ಲ ಭೂತಾನದ ಅಡಿಕೆಯಿಂದ ಚಿಕ್ಕಮ್ಮ" ಎಂದ ಅಕ್ಕನ ಮಗ. ಮೂವರೂ ಒಟ್ಟಿಗೆ ತಲೆಯಾಡಿಸಿದರು. ಯಾರು ಹೇಳಿದರು ಎಂದು ಕೇಳಿದೆ. ಒಬ್ಬ ಇನ್ನೊಬ್ಬನತ್ತ ನೋಡಿದ, ಅವನು ಮತ್ತೊಬ್ಬಳತ್ತ. ಒಂದೇ ವಿಡಿಯೊ ನಾಲ್ವರ ಮೊಬೈಲಿಗೂ ಬಂದಿತ್ತು. ಮನೆಯಲ್ಲಿ ಅಪ್ಪಂದಿರು ಊಟದ ಹೊತ್ತಿಗೆ ಆಡಿದ ಸಿಟ್ಟಿನ ಮಾತು ಅದಕ್ಕೆ ಸಾಕ್ಷಿಯಾಗಿ ನಿಂತಿತ್ತು.

ಆ ಸಿಟ್ಟು ಸುಳ್ಳಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗದ ಮಾಲು ತರಿಸಬಾರದೆಂಬ, ಷರತ್ತಿಲ್ಲದೆ ತರಿಸಿಕೊಳ್ಳಲು ಅನುಮತಿ ಕೊಟ್ಟಾಗ ಮಲೆನಾಡಿನ ಬೆಳೆಗಾರರು ಕಂಗಾಲಾಗಿದ್ದರು. ಮುಂದಿನ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಭೂತಾನದ ಆ 17,000 ಟನ್ನಿಗೆ ಮಾತ್ರ ಅದು ಅನ್ವಯಿಸಲಿಲ್ಲ. 17,000 ಎಂಬ ಅಂಕಿ ಹುಡುಗರಿಗೆ ಬಾಯಿಪಾಠ. ಆದರೆ ಹಸಿ ಅಡಿಕೆ ಸುಲಿದು ಒಣಗಿಸಿದರೆ ಕಾಲು ಭಾಗವೂ ಉಳಿಯುವುದಿಲ್ಲ ಎಂಬುದು ತೋಟದ ಮಕ್ಕಳಾದ ಅವರಿಗೆ ಗೊತ್ತಿದ್ದೂ ಆ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮ ಅಡಿಕೆ ತೋಟಗಳನ್ನು ಕಾಡುವ ಎಲೆಚುಕ್ಕಿ ರೋಗದ ಮಾತನ್ನು ಆ ಬೆಳಿಗ್ಗೆ ಯಾರೂ ಎತ್ತಲಿಲ್ಲ.

ಮಾತು ಇನ್ನೊಂದು ನೆರೆಯ ದೇಶಕ್ಕೆ ಹೋಯಿತು. ನೇಪಾಳವೆಂದರೆ ಅವರಿಗೆ ಕಾಲೇಜಿನ ಎದುರು ಮೋಮೋ ಮಾರುವ ಹುಡುಗ. "ಅವನ ಊರು ಡಾರ್ಜಿಲಿಂಗ್, ನಾನೇ ಕೇಳಿದ್ದೇನೆ" ಎಂದಳು ಹುಡುಗಿ. ಅಂದರೆ ಪಶ್ಚಿಮ ಬಂಗಾಳದವನು. ಆದರೂ ತರಗತಿಗೆಲ್ಲ ಅವನು ನೇಪಾಳಿಯೇ. ತಾನೂ ಹಾಗೆಯೇ ಕರೆಯುತ್ತೇನೆಂದು ಹೇಳುವಾಗ ಅವಳ ದನಿ ತಗ್ಗಿತು. ನನಗೆ ಶಾಲೆಯ ನಕ್ಷೆ ನೆನಪಾಯಿತು. ಭಾರತದಲ್ಲಿ ನದಿ, ಬೆಟ್ಟ, ಬೆಳೆ ಎಲ್ಲ ತುಂಬಿಸುತ್ತಿದ್ದೆವು. ಗಡಿಯಾಚೆ ಬಿಳಿ ಕಾಗದದ ಮೇಲೆ ಬರಿಯ ಹೆಸರು. ಆ ಬಿಳಿ ಜಾಗದಲ್ಲಿ ಮೊದಲು ಬಂದವರು ಏನು ಬರೆದರೂ ನಿಂತುಬಿಡುತ್ತದೆ.

ಆನಂದಪುರ ಕಳೆದು ಸಾಗರದಲ್ಲಿ ಇಳಿದೆವು. ಅಲ್ಲಿಂದ ಬಸ್ಸು, ಆಮೇಲೆ ಕಾಲುದಾರಿ.

ರಾತ್ರಿ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಕುಳಿತಿದ್ದರು. ಕಾಯಿಯನ್ನು ಅಲಗಿಗೆ ಒತ್ತಿ ಒಮ್ಮೆ ತಿರುಚಿದರೆ ಸಿಪ್ಪೆ ಬಿಚ್ಚುತ್ತದೆ, ಇನ್ನೊಂದು ತಿರುವಿಗೆ ಅಡಿಕೆ ಬುಟ್ಟಿಗೆ ಬೀಳುತ್ತದೆ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಸುಲಿದ ಅಡಿಕೆ ಬೇಯಿಸುವ ಚೊಗರು ನೀರು ಕುದಿಯುತ್ತಿತ್ತು. ಹುಡುಗರ ಬೆರಳುಗಳು ಅರ್ಧ ಗಂಟೆಯಲ್ಲಿ ಕಪ್ಪಾದವು.

ಊಟದ ನಂತರ ದೊಡ್ಡಪ್ಪ ಜಗಲಿಯಲ್ಲಿ ಕವಳದ ಬಟ್ಟಲು ಮುಂದಿಟ್ಟರು. ನಾನು ಎರಡು ವರ್ಷದ ಹಿಂದೆ ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ಗಡಿ ದಾಟಿ ಭೂತಾನದ ಫುಂಟ್‌ಶೋಲಿಂಗಿಗೆ ಹೋದದ್ದನ್ನು ಹೇಳಿದೆ. ಭೂತಾನದ ದಕ್ಷಿಣದ ತಪ್ಪಲಲ್ಲಿ, ಸಮ್ಚೆ, ಸರ್ಪಂಗ್ ಕಡೆ, ನಮ್ಮ ಹಾಗೆಯೇ ಅಡಿಕೆ ತೋಟಗಳಿವೆ. ವೀಳ್ಯದೆಲೆಗೆ ಸುಣ್ಣ ಸವರಿ ಹಸಿ ಅಡಿಕೆ ಇಟ್ಟು ಮಡಚಿದ್ದಕ್ಕೆ ಅವರು ದೋಮ ಎನ್ನುತ್ತಾರೆ. ಬಂದವರಿಗೆ ಅದನ್ನು ಕೊಟ್ಟು ಉಪಚರಿಸುತ್ತಾರೆ. ನನಗೂ ಒಂದು ಅಂಗಡಿಯ ಹೆಂಗಸು ಕೊಟ್ಟಿದ್ದಳು. ಕೆನ್ನೆ ಬಿಸಿಯಾಗಿ ಕಿವಿಯವರೆಗೆ ಏರಿತ್ತು.

ಅಕ್ಕನ ಮಗ ಅಡಕತ್ತರಿ ಕೆಳಗಿಟ್ಟ. "ಅಲ್ಲಿ ತೋಟ ಎಷ್ಟು ದೊಡ್ಡದು?"

"ನಾನು ನೋಡಿದವೆಲ್ಲ ಮನೆ ಹಿಂದಿನ ಸಣ್ಣ ತೋಟಗಳು."

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಅವರಿಗೂ ಕೊಳೆ ರೋಗ ಬರುತ್ತದೆಯೇನೇ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಎದ್ದಿದ್ದ. "ನೋಡುತ್ತೇನೆ ಅಜ್ಜ" ಎಂದು ಮೊಬೈಲ್ ಹಿಡಿದು, ಸಿಗ್ನಲ್ ಸಿಗುವ ಮನೆ ಹಿಂದಿನ ದರೆಯ ಕಡೆ ಕತ್ತಲಲ್ಲಿ ಹತ್ತಿಹೋದ. ಉಳಿದ ಮೂವರೂ ಅವನ ಬೆನ್ನಿಗೆ ಹೊರಟರು.