ನೆಕ್ಸಾನ್ ಇವಿಗೆ ಯೂನಿಟ್ ಲೆಕ್ಕ

ಟಾಟಾ ನೆಕ್ಸಾನ್ ಇವಿ ಎಂಬ ಬ್ಯಾಟರಿ ಕಾರು 2020ರ ಜನವರಿಯಲ್ಲಿ ಬಂದಾಗ ಅದರ ಬ್ಯಾಟರಿ 30.2 ಯೂನಿಟ್, ಒಂದು ಪೂರ್ತಿ ಚಾರ್ಜಿಗೆ ಕಾಗದದ ಮೇಲಿನ ಓಟ 312 ಕಿ.ಮೀ. 2022ರ ಮೇ ತಿಂಗಳಲ್ಲಿ ಬಂದ ನೆಕ್ಸಾನ್ ಇವಿ ಮ್ಯಾಕ್ಸ್‌ಗೆ 40.5 ಯೂನಿಟ್, 437 ಕಿ.ಮೀ. ಕಿಲೋಮೀಟರ್ ಅಂಕಿ ನಂಬಿ ಹೊರಟವರು ದಾರಿಯಲ್ಲಿ ಪರದಾಡುತ್ತಾರೆ. ಯೂನಿಟ್ ಅಂಕಿ ಹಿಡಿದುಕೊಂಡರೆ ಆ ತಾಪತ್ರಯ ಇಲ್ಲ. ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್.

ಸಮತಟ್ಟು ರಸ್ತೆಯಲ್ಲಿ 80ರ ವೇಗಕ್ಕೆ ಈ ಗಾಡಿ 100 ಕಿ.ಮೀ.ಗೆ ಹೆಚ್ಚುಕಮ್ಮಿ 13–14 ಯೂನಿಟ್ ತಿನ್ನುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100 ಹಿಡಿದರೆ 17ರ ಆಸುಪಾಸಿಗೆ ಹೋಗುತ್ತದೆ, ಯಾಕೆಂದರೆ 80ರಿಂದ 100ಕ್ಕೆ ಹೋದಾಗ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ. ಟಯರಿನಲ್ಲಿ ಗಾಳಿ ಇಳಿದಿದ್ದರೆ ಇನ್ನಷ್ಟು. ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಎಸಿಗೆ ಗಂಟೆಗೆ ಒಂದು ಯೂನಿಟ್ ಎಂದು ಹಿಡಿಯಿರಿ.

ಘಾಟಿಗೆ ಬೇರೆ ಲೆಕ್ಕ. ಗಾಡಿ, ನಾಲ್ಕು ಜನ, ಲಗೇಜು ಸೇರಿ 1,700 ಕೆ.ಜಿ. ಅಂದುಕೊಳ್ಳಿ. ಮಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 900 ಮೀಟರ್ ಏರಬೇಕು. ಅಷ್ಟು ಭಾರ ಅಷ್ಟು ಎತ್ತರಕ್ಕೆ ಹೋಗಲು 4.2 ಯೂನಿಟ್ ಬೇಕು, ಮೋಟರಿನ ನಷ್ಟ ಸೇರಿಸಿದರೆ 5. ದಾರಿ ಸುಮಾರು 130 ಕಿ.ಮೀ., ಅದಕ್ಕೆ 18. ಒಟ್ಟು 23. ಸಣ್ಣ ಬ್ಯಾಟರಿಯವರು ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೂ ಸಕಲೇಶಪುರ ಮುಟ್ಟುವಾಗ ಉಳಿಯುವುದು ಸ್ವಲ್ಪವೇ. ಇಳಿಯುವಾಗ ಮೋಟರೇ ಜನರೇಟರಿನಂತೆ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ, ಇದೇ ರೀಜೆನ್. ಅದರಿಂದ ಏರಲು ಖರ್ಚಾದದ್ದರಲ್ಲಿ ಅರ್ಧದಷ್ಟು ಮರಳಿ ಬರಬಹುದು, ಆದರೆ ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಮಡಿಕೇರಿಯಲ್ಲಿ ರಾತ್ರಿ 100 ಶೇಕಡಾ ತುಂಬಿಸಿ ಬೆಳಿಗ್ಗೆ ಸಂಪಾಜೆ ಕಡೆಗೆ ಇಳಿದರೆ ರೀಜೆನ್ ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಅಂಥ ದಿನ 90ಕ್ಕೇ ನಿಲ್ಲಿಸಿ.

ಇನ್ನು ಮನೆಯ ಪಾಯಿಂಟ್. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಡಿಯ ಜೊತೆ ಬರುವ ಚಾರ್ಜರ್ 3.3 ಕಿಲೋವ್ಯಾಟ್, ಅಂದರೆ 230 ವೋಲ್ಟಿಗೆ 14 ಆಂಪಿಯರ್. ಗೀಸರೂ ಇಷ್ಟೇ ಎಳೆಯುತ್ತದೆ ಎನ್ನುತ್ತಾರೆ, ಆದರೆ ಗೀಸರ್ ಹದಿನೈದು ನಿಮಿಷಕ್ಕೆ ನಿಲ್ಲುತ್ತದೆ, ಗಾಡಿ ಎಂಟು–ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನೊಳಗೆ ಸ್ಕ್ರೂ ಸಡಿಲವಾಗಿ 0.1 ಓಮ್ ತಡೆ ಬಂದರೂ ಅಲ್ಲಿ 20 ವ್ಯಾಟ್ ಬಿಸಿ ಹುಟ್ಟುತ್ತದೆ. ರಾತ್ರಿಯಿಡೀ ಪ್ಲಗ್ಗಿನೊಳಗೆ ಒಂದು ಸಾಲ್ಡರಿಂಗ್ ಐರನ್ ಉರಿದಂತೆ. ಪಿನ್ನಿನ ಬುಡ ಮೊದಲು ಕಂದಾಗಿ, ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಹಾಗಾಗಿ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿ ಶಾಕ್ ಹೊಡೆಯುವಂತಾದರೆ ಕಡಿಯುವುದು), ಗಟ್ಟಿ 16 ಆಂಪಿಯರ್ ಸಾಕೆಟ್. ನಡುವೆ ಜಾಯಿಂಟ್ ಬೇಡ. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. ಮೊದಲ ಸಲ ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈಯಿಡಲಾಗದಷ್ಟು ಬಿಸಿಯಿದ್ದರೆ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ (ಮನೆಯವರು ಒಟ್ಟಿಗೆ ಎಳೆಯಬಹುದಾದ ಕಿಲೋವ್ಯಾಟ್) ಎಷ್ಟಿದೆ ಎಂದೂ ನೋಡಿಕೊಳ್ಳಿ.

ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾದರೆ ಗಾಡಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಮೊದಲು ಅರ್ಥಿಂಗ್ ನೋಡಿ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರ್ ಕರೆಂಟ್ ಬಿಡುವುದಿಲ್ಲ, ಬಿಡಲೂಬಾರದು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟಿಗಿಂತ ಹೆಚ್ಚು ಬರಬಾರದು. ಇದ್ದಿಲು–ಉಪ್ಪು ತುಂಬಿದ ಹಳೆಯ ಅರ್ಥಿಂಗ್ ಗುಂಡಿಯಾದರೆ ಬೇಸಿಗೆಯಲ್ಲಿ ಒಣಗಿರುತ್ತದೆ, ನಾಲ್ಕು ಕೊಡ ನೀರು ಹುಯ್ದರೆ ಎಷ್ಟೋ ಸಲ ಸರಿಹೋಗುತ್ತದೆ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ 3.3ರ ಬದಲು 2.7 ಕಿಲೋವ್ಯಾಟ್ ಅಷ್ಟೇ ಸಿಗುತ್ತದೆ. ರಾತ್ರಿ ಹತ್ತರ ಮೇಲೆ ಹಾಕುವುದು ಒಳ್ಳೆಯದು.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಈ ಜಾತಿಯಲ್ಲಿ ಪೂರ್ತಿ ತುಂಬಿದ್ದಕ್ಕೂ ಖಾಲಿಗೂ ನಡುವೆ ಬಹುಪಾಲು ಹೊತ್ತು ಒಂದೊಂದು ಸೆಲ್ಲಿನ ವೋಲ್ಟೇಜ್ 3.2–3.3ರಲ್ಲೇ ನಿಂತಿರುತ್ತದೆ, ಹಾಗಾಗಿ ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಹೇಳುವುದು ಕಷ್ಟ. ಬರೀ ಫಾಸ್ಟ್ ಚಾರ್ಜಿನಲ್ಲೇ ಓಡಿಸಿದರೆ ಗಾಡಿಯ ಮೀಟರ್ ತೋರಿಸುವ ಶೇಕಡಾ ನಿಜದಿಂದ ದೂರ ಸರಿಯುತ್ತದೆ, 15 ಇದ್ದದ್ದು ಒಮ್ಮೆಲೇ 8ಕ್ಕೆ ಇಳಿಯಬಹುದು. ಆಗಾಗ ಮನೆಯಲ್ಲಿ ನಿಧಾನಕ್ಕೆ 100ರವರೆಗೆ ತುಂಬಿಸಿದರೆ ಸೆಲ್ಲುಗಳು ಸಮವಾಗುತ್ತವೆ, ಲೆಕ್ಕವೂ ಸರಿಯಾಗುತ್ತದೆ.

ದೊಡ್ಡ ಬ್ಯಾಟರಿ ತುಂಬಿದ್ದರೂ ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ಗಾಡಿ ಏಳುವುದಿಲ್ಲ, ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚನ್ನು (ಕಾಂಟ್ಯಾಕ್ಟರ್) ಕೂಡಿಸುವುದು ಅದೇ. ಎರಡು–ಮೂರು ವಾರ ನಿಲ್ಲಿಸಿ ಹೋಗುವುದಿದ್ದರೆ ಈ ಸಣ್ಣ ಬ್ಯಾಟರಿಯನ್ನು ಹೀರುವ ಡ್ಯಾಶ್‌ಕ್ಯಾಮಿನ ವೈರು ಕಿತ್ತಿಟ್ಟು ಹೋಗಿ.